ಬೆಂಗಳೂರು ಕೋಟೆ ಕಾಯುವ ಕೆಲಸ

ಹಳೆಯ ಯುದ್ಧಗಳನ್ನು ನಕ್ಷೆಯ ಮೇಲೆ ಮತ್ತೆ ಆಡುವ ಗುಂಪು ನಮ್ಮದು. ಊರು ಕಾಯುವ ಆಟಗಳನ್ನು ನಾವು ಮೊದಲೇ ಸುಮಾರು ಆಡಿದ್ದೆವು. 1941ರ ಮಾಸ್ಕೋ ಆಗಿತ್ತು, 1683ರ ವಿಯೆನ್ನಾ ಆಗಿತ್ತು. ಸ್ಟಾಲಿನ್‌ಗ್ರಾಡ್ ಅಂತೂ ಎಲ್ಲರಿಗೂ ಬಾಯಿಪಾಠ. ನಮ್ಮ ಗುಂಪಿನಲ್ಲಿ ಒಬ್ಬರು ಮೇಷ್ಟ್ರಿದ್ದಾರೆ, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಒಂದು ಭಾನುವಾರ ಅವರು ಕಾಫಿ ಲೋಟ ಕೆಳಗಿಟ್ಟು, "ಅಲ್ರಯ್ಯಾ, ರಷ್ಯಾದ ನದಿ ಹೇಗೆ ಕಾಯೋದು ಅಂತ ಇಷ್ಟು ತಲೆ ಕೆಡಿಸ್ಕೋತೀರಲ್ಲ, ಮಾರ್ಕೆಟ್ ಪಕ್ಕದ ಕೋಟೆ ಹೇಗೆ ಬಿತ್ತು ಅಂತ ಯಾರಿಗಾದ್ರೂ ಗೊತ್ತಾ?" ಅಂದರು. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಟಿಪ್ಪು ಸುಲ್ತಾನ, ಇಂಗ್ಲಿಷರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್, ಮೂರನೇ ಮೈಸೂರು ಯುದ್ಧ, ಮಕ್ಕಳನ್ನು ಒತ್ತೆ ಇಟ್ಟಿದ್ದು. ಐದು ಅಂಕದ ಪ್ರಶ್ನೆಗೆ ಸಾಕಾಗುವಷ್ಟು ಮಾತ್ರ.

ಸರಿ, ಈ ಸಲ ಬೆಂಗಳೂರನ್ನೇ ಆಡೋಣ ಅಂತ ಆಯಿತು.

ನಮ್ಮದು ಕಂಪ್ಯೂಟರ್ ಆಟ ಅಲ್ಲ. ಪ್ರಶ್ಯ ಅನ್ನುವ ಹಳೆಯ ಜರ್ಮನ್ ರಾಜ್ಯದ ಸೈನ್ಯದಲ್ಲಿ ರೈಸ್‌ವಿಟ್ಸ್ ಅನ್ನುವ ಅಧಿಕಾರಿ 1824ರಲ್ಲಿ ತಂದ ಪದ್ಧತಿ. ಎರಡು ಪಕ್ಷದವರು ಬೇರೆ ಬೇರೆ ಕೋಣೆಯಲ್ಲಿ ಕೂರುತ್ತಾರೆ. ನಡುವೆ ಒಬ್ಬ ಅಂಪೈರ್. ಪೂರ್ತಿ ನಕ್ಷೆ, ಎಲ್ಲರ ದಂಡು ಎಲ್ಲಿದೆ ಅನ್ನೋದು, ಅವನಿಗೆ ಮಾತ್ರ ಗೊತ್ತು. ನಾವು ಚೀಟಿಯಲ್ಲಿ ಆಜ್ಞೆ ಬರೆದು ಕಳಿಸಬೇಕು. ಏನಾಯಿತು ಅಂತ ಅಂಪೈರ್ ವಾಪಸ್ ಚೀಟಿ ಕಳಿಸುತ್ತಾನೆ. ನಿಮ್ಮ ಕಣ್ಣಿಗೆ ಕಾಣುವಷ್ಟೇ ನಿಮಗೆ ಗೊತ್ತಾಗುತ್ತದೆ, ಕೆಲವು ಸಲ ಅದೂ ತಡವಾಗಿ. ಚದುರಂಗ ಆಡಿದವರಿಗೆ ಇದು ಮೊದಮೊದಲು ತುಂಬ ಹಿಂಸೆ. ಎದುರಾಳಿಯ ಕಾಯಿ ಕಾಣುವುದೇ ಇಲ್ಲವಲ್ಲ!

ಟಿಪ್ಪು ಹೆಸರು ಬಂದರೆ ನಮ್ಮಲ್ಲಿ ಬೇರೆ ಯುದ್ಧ ಶುರುವಾಗುತ್ತದೆ. ಅದಕ್ಕೆ ಮೇಷ್ಟ್ರು ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. "ಒಳ್ಳೆಯವನೋ ಕೆಟ್ಟವನೋ ಅನ್ನೋ ವಾದ ಬಿಡುವಿನಲ್ಲಿ ಮಾಡ್ಕೊಳ್ಳಿ. ಮಣೆ ಮೇಲೆ ಎತ್ತು ಎಷ್ಟು, ಹುಲ್ಲು ಎಷ್ಟು, ಮದ್ದುಗುಂಡು ಎಷ್ಟು. ಅಷ್ಟೇ."

ನಕ್ಷೆ ಮಾಡುವುದಕ್ಕೇ ಆಟಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ನನಗೆ ಕೇಳಿದರೆ ಅದೇ ಅರ್ಧ ಆಟ. 1791ರ ಬೆಂಗಳೂರು ಅಂದರೆ ಒಂದಕ್ಕೊಂದು ಅಂಟಿಕೊಂಡ ಎರಡು ಊರು. ಉತ್ತರಕ್ಕೆ ಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರು ಅದೇ. ವ್ಯಾಪಾರ, ಮಗ್ಗ, ಗುಡಿ, ಜನ ಎಲ್ಲ ಅಲ್ಲಿ. ಅದರ ಸುತ್ತ ಮಣ್ಣಿನ ಗೋಡೆ, ಕಂದಕ, ಮತ್ತೆ ದಟ್ಟವಾದ ಮುಳ್ಳು ಮತ್ತು ಬಿದಿರಿನ ಪಟ್ಟಿ. ದಕ್ಷಿಣಕ್ಕೆ ಕೋಟೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ್ದ. ಸುಮಾರು ಮೊಟ್ಟೆಯಾಕಾರ. ಮುಖ್ಯ ಬಾಗಿಲು ಎರಡೇ. ಪೇಟೆಗೆ ಮುಖ ಮಾಡಿದ್ದು ದೆಹಲಿ ಬಾಗಿಲು. ಅದರ ಎದುರು ತುದಿಯಲ್ಲಿ, ದಕ್ಷಿಣಕ್ಕೆ, ಮೈಸೂರು ಬಾಗಿಲು. ಒಳಗೆ ಅರಮನೆ, ಮದ್ದಿನ ಮನೆ, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ.

ಇದನ್ನು ಈಗಿನ ಊರಿನ ಮೇಲೆ ಕೂರಿಸೋಣ ಅಂತ ನಾವು ಮಾರ್ಕೆಟ್‌ಗೆ ಹೋದೆವು. ದೆಹಲಿ ಬಾಗಿಲು ಇನ್ನೂ ನಿಂತಿದೆ. ಕೃಷ್ಣರಾಜೇಂದ್ರ ರಸ್ತೆಯಲ್ಲಿ ಬಸ್ಸಿನ ಹೊಗೆ, ಫ್ಲೈಓವರ್ ನೆರಳು, ಹೂವಿನ ವ್ಯಾಪಾರಿಗಳ ಕೂಗು ದಾಟಿ ಒಳಗೆ ಕಾಲಿಟ್ಟರೆ ಒಮ್ಮೆಗೇ ತಂಪು. ಕಲ್ಲಿನ ಕಮಾನು, ಗಣಪತಿ ಗುಡಿ, ಎತ್ತರದ ಗೋಡೆ. ಹೊರಗೋಡೆಯಲ್ಲಿ ಒಂದು ಫಲಕ ಇದೆ. ಬ್ರಿಟಿಷರು 1791ರ ಮಾರ್ಚ್ 21ರಂದು ಈ ಕಂಡಿಯ ಮೂಲಕ ಲಗ್ಗೆ ಹಾಕಿದರು ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಆ ಹಾದಿಯಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಾರೆ. ನಾನೂ ಎಷ್ಟೋ ವರ್ಷ ಓಡಾಡಿದವನೇ, ತಲೆ ಎತ್ತಿ ಓದಿರಲಿಲ್ಲ.

ಉಳಿದ ಕೋಟೆ ಎಲ್ಲಿ? ವಿಕ್ಟೋರಿಯಾ ಆಸ್ಪತ್ರೆ, ವಾಣಿವಿಲಾಸ ಆಸ್ಪತ್ರೆ, ಮೆಡಿಕಲ್ ಕಾಲೇಜು, ಕೋಟೆ ಹೈಸ್ಕೂಲು, ಇವೆಲ್ಲದರ ಅಡಿಯಲ್ಲಿ. ದೆಹಲಿ ಬಾಗಿಲಿನಿಂದ ಅರಮನೆ, ವೆಂಕಟರಮಣಸ್ವಾಮಿ ಗುಡಿ ದಾಟಿ ದಕ್ಷಿಣಕ್ಕೆ ನಡೆದರೆ ಕೋಟೆಯ ಉದ್ದ ಕಾಲಿಗೆ ಗೊತ್ತಾಗುತ್ತದೆ. ಗೋಡೆ ಮೇಲೆ ಒಂದು ಕಡೆ ತೊಂದರೆ ಆದರೆ ಇನ್ನೊಂದು ಕಡೆಯಿಂದ ಆಳು ಓಡಿ ಬರಲು ಎಷ್ಟು ಹೊತ್ತು ಬೇಕು ಅಂತ ಮೇಷ್ಟ್ರು ನಮ್ಮನ್ನು ನಿಜವಾಗಿ ನಡೆಸಿ ನೋಡಿದರು. ಮಧ್ಯೆ ಆಟೋಗಳು ಅಡ್ಡ ಬಂದಿದ್ದಕ್ಕೆ ಸ್ವಲ್ಪ ರಿಯಾಯಿತಿ ಕೊಟ್ಟರು.

ಪೇಟೆಗೆ ಹಲಸೂರು, ಯಲಹಂಕ, ಸೊಂಡೆಕೊಪ್ಪ, ಆನೇಕಲ್ ಅಂತ ನಾಲ್ಕು ದಿಕ್ಕಿಗೆ ಬಾಗಿಲುಗಳಿದ್ದವು. ಈಗ ಉಳಿದಿರುವುದು ಹೆಸರು ಮಾತ್ರ. ಹಲಸೂರು ಗೇಟ್ ಪೊಲೀಸ್ ಠಾಣೆ. ಅಲ್ಲಿಂದ ನಗರ್ತಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆ ನಡೆದು ನೋಡಿ. ಓಣಿಗಳು ಎಷ್ಟು ಕಿರಿದು ಅಂದರೆ, ಎದುರಿನಿಂದ ಬಟ್ಟೆ ಗಂಟು ಹೊತ್ತವನು ಬಂದರೆ ನೀವು ಅಂಗಡಿ ಮೆಟ್ಟಿಲು ಹತ್ತಬೇಕು. "ಇಲ್ಲಿ ಬಯೊನೆಟ್ ಹಿಡಿದು ಎದುರುಬದುರು ಬಂದರೆ ಹೇಗಿರುತ್ತೆ ಯೋಚನೆ ಮಾಡಿ" ಅಂದರು ಮೇಷ್ಟ್ರು. ಪಕ್ಕದಲ್ಲಿ ಸೀರೆ ಚೌಕಾಸಿ ನಡೆಯುತ್ತಿತ್ತು.

ಆಟದ ದಿನ ಒಬ್ಬರ ಮನೆಯ ಹಾಲ್‌ನಲ್ಲಿ, ನೆಲದ ಮೇಲೆ, ಅಂಪೈರ್ ಆದ ಮೇಷ್ಟ್ರ ದೊಡ್ಡ ನಕ್ಷೆ ಹಾಸಿದ್ದಾಯಿತು. ಚೀಟಿ ಎತ್ತಿದೆವು. ಅಕೌಂಟ್ಸ್ ಕೆಲಸದಲ್ಲಿರುವ ಗೆಳತಿಗೆ ಕಾರ್ನ್‌ವಾಲಿಸ್ ಬಂದ. ಅವಳು ಅಡುಗೆಮನೆ ಪಕ್ಕದ ಊಟದ ಮೇಜು ಹಿಡಿದಳು. ಜಯನಗರದ ಗೆಳೆಯನಿಗೆ ಟಿಪ್ಪು. ಅವನಿಗೆ ಮಹಡಿ ಮೇಲಿನ ಕೋಣೆ. ನನಗೆ ಬಂದಿದ್ದು ಕಿಲ್ಲೇದಾರ ಬಹಾದೂರ್ ಖಾನ್, ಅಂದರೆ ಕೋಟೆಯೊಳಗಿನ ಜವಾಬ್ದಾರಿ. ನನ್ನನ್ನು ಮಲಗುವ ಕೋಣೆಗೆ ಕಳಿಸಿ ಬಾಗಿಲು ಹಾಕಿದರು. ಚೀಟಿ ಒಯ್ಯುವ ಕೆಲಸ ಆ ಮನೆಯ ಏಳನೇ ಕ್ಲಾಸಿನ ಹುಡುಗನದ್ದು. ಪ್ರತಿ ಚೀಟಿಗೆ ಒಂದು ಕೋಡುಬಳೆ ಕೂಲಿ.

ಬಹಾದೂರ್ ಖಾನ್ ಬೆಂಗಳೂರಿನವನಲ್ಲ. ವಯಸ್ಸಾದ ಮನುಷ್ಯ. ಕೃಷ್ಣಗಿರಿಯಲ್ಲಿದ್ದವನನ್ನು ಮುತ್ತಿಗೆಗೆ ಸ್ವಲ್ಪ ಮುಂಚೆ ಟಿಪ್ಪು ಇಲ್ಲಿಗೆ ನೇಮಿಸಿದ್ದ. ಮೊದಲಿದ್ದ ಅಧಿಕಾರಿಗಳ ಮೇಲೆ ನಂಬಿಕೆ ಹೋಗಿತ್ತು. ಅಂದರೆ ಕೋಟೆಯ ಯಾವ ಕೊತ್ತಲ ಗಟ್ಟಿ, ಯಾವುದು ಸಡಿಲ ಅಂತ ತಿಳಿಯುವಷ್ಟರಲ್ಲೇ ಶತ್ರು ಎದುರಿಗೆ ನಿಂತಿದ್ದ. ನನ್ನ ಸ್ಥಿತಿಯೂ ಹೆಚ್ಚು ಕಮ್ಮಿ ಅದೇ.

ಕಾರ್ನ್‌ವಾಲಿಸ್ ಬಂದ ರೀತಿಯೇ ಜಾಣತನದ್ದು. ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟು, ಆಂಬೂರು ಕಣಿವೆಯಿಂದ ಮೇಲೆ ಬರುವ ಹಾಗೆ ತೋರಿಸಿ, ಉತ್ತರದ ಮುಗಳಿ ಘಾಟಿ ಹತ್ತಿಬಿಟ್ಟ. ಟಿಪ್ಪು ಆಗಿನ್ನೂ ತಮಿಳು ಸೀಮೆಯಲ್ಲಿದ್ದ. ಪುದುಚೇರಿಯ ಫ್ರೆಂಚರ ಜೊತೆ ಸಹಾಯಕ್ಕಾಗಿ ಮಾತುಕತೆ ನಡೆಸಿ ಬರಿಗೈಲಿ ಓಡಿ ಬರಬೇಕಾಯಿತು. ಇತ್ತ ಕಾರ್ನ್‌ವಾಲಿಸ್‌ನ ದಾರಿ ಮುಳಬಾಗಿಲು, ಕೋಲಾರ, ಹೊಸಕೋಟೆ. ನಾವು ಈಗ ಹಳೇ ಮದ್ರಾಸ್ ರಸ್ತೆ ಅಂತ ಟ್ರಾಫಿಕ್‌ನಲ್ಲಿ ಶಾಪ ಹಾಕುತ್ತೀವಲ್ಲ, ಹೆಚ್ಚು ಕಡಿಮೆ ಅದೇ ದಾರಿ. ಮಾರ್ಚ್ 5ಕ್ಕೆ ಇಂಗ್ಲಿಷರ ದಂಡು ಪೇಟೆಯ ಎದುರು ಬಂದು ಇಳಿಯಿತು. ನಮ್ಮ ಆಟದ ಮೊದಲ ಸುತ್ತು ಅಲ್ಲಿಂದ. ಒಂದು ಸುತ್ತು ಅಂದರೆ ಒಂದು ದಿನ.

ನನ್ನ ಮೊದಲ ತಲೆನೋವು ಪೇಟೆ. ಇರುವ ಆಳುಗಳನ್ನು ಪೇಟೆಯ ಉದ್ದ ಗೋಡೆಗೆ ಹಂಚಿದರೆ ಎಲ್ಲ ಕಡೆ ತೆಳು. ಕೋಟೆಯೊಳಗೆ ಎಳೆದುಕೊಂಡರೆ ಪೇಟೆ ಸುಮ್ನೆ ಬಿಟ್ಟುಕೊಟ್ಟ ಹಾಗೆ. ಅರ್ಧ ಗಂಟೆ ಪೆನ್ಸಿಲ್ ಕಚ್ಚಿದೆ. ಕೊನೆಗೆ ಕೋಟೆಗೇ ಹೆಚ್ಚು ಜನ ಇಟ್ಟು, ಪೇಟೆಯಲ್ಲಿ ಪೂರ್ವದ ಹಲಸೂರು ಬಾಗಿಲಿಗೆ ಒಂದು ಒಳ್ಳೆಯ ತುಕಡಿ ಹಾಕಿದೆ.

ಆಗ ಒಂದು ವಿಷಯ ಹೊಳೆಯಿತು. ಪೇಟೆಯಲ್ಲಿ ಹುಲ್ಲು, ಧಾನ್ಯ ಇದೆ. ಪೇಟೆ ಹೋದರೆ ಅದೆಲ್ಲ ಅವರ ಎತ್ತುಗಳಿಗೆ. ಸುಡಬಹುದಾ? ಅಂಪೈರ್‌ಗೆ ಚೀಟಿ ಬರೆದೆ. ಉತ್ತರ ಬಂತು: "ಸುಡಬಹುದು. ಮಾರ್ಚ್ ತಿಂಗಳು, ಹುಲ್ಲಿನ ಮಾಡುಗಳು, ಗಾಳಿ ಇದೆ. ಹುಲ್ಲಿನ ಬಣವೆ ಮಾತ್ರ ಸುಡುತ್ತದೆ ಅಂತ ನಾನು ಭರವಸೆ ಕೊಡಲಾರೆ." ಮೇಷ್ಟ್ರು ಹೀಗೇ. ನಿಯಮ ಹೇಳುವ ನೆಪದಲ್ಲಿ ಮನಸ್ಸು ಕೆಡಿಸುತ್ತಾರೆ. ನಾನು ಟಿಪ್ಪುವಿನ ಅಪ್ಪಣೆ ಕೇಳಿ ಮಹಡಿಗೆ ಚೀಟಿ ಕಳಿಸಿದೆ. ಅಧಿಕಾರದಲ್ಲಿ ಇರುವವರು ಕಷ್ಟದ ತೀರ್ಮಾನವನ್ನು ಯಾಕೆ ಮೇಲಕ್ಕೆ ಕಳಿಸುತ್ತಾರೆ ಅಂತ ಆವತ್ತು ಚೆನ್ನಾಗಿ ಅರ್ಥವಾಯಿತು.

ಅಪ್ಪಣೆ ಬರುವ ಮೊದಲೇ ಪೇಟೆ ಹೋಯಿತು.

ನಿಜವಾದ ಯುದ್ಧದಲ್ಲೂ ಅದು ಹೋಗಿದ್ದು ಒಂದೇ ದಿನದಲ್ಲಿ, ಮಾರ್ಚ್ 7ರಂದು. ಹಲಸೂರು ಬಾಗಿಲಿನಲ್ಲೇ. ಆದರೆ ಸುಲಭವಾಗಿ ಅಲ್ಲ. ಹೊರಗಿನ ಬಾಗಿಲು ದಾಟಿದರೆ ಒಳಗಿನ ಬಾಗಿಲಿಗೆ ಹಿಂದಿನಿಂದ ಒತ್ತು ಕೊಟ್ಟು ಭದ್ರ ಮಾಡಿದ್ದರು. ಗೋಡೆಯ ಮೇಲಿನಿಂದ ಗುಂಡು, ಬಾಣ ಸುರಿಯುತ್ತಿತ್ತು. ಇಲ್ಲಿ ಬಾಣ ಅಂದರೆ ಕಬ್ಬಿಣದ ಕೊಳವೆಯ ರಾಕೆಟ್. ಇಂಗ್ಲಿಷರ ತೋಪಿನ ದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಅಲ್ಲೇ ಸತ್ತ. ದೊಡ್ಡ ಫಿರಂಗಿ ತಂದು ಹೊಡೆದ ಮೇಲೆ ಬಾಗಿಲಿನಲ್ಲಿ ಒಂದು ತೂತಾಯಿತು. ಕುಳ್ಳಗಿದ್ದ ಒಬ್ಬ ಲೆಫ್ಟಿನೆಂಟ್ ಆ ತೂತಿನಲ್ಲಿ ತೂರಿ ಒಳಗೆ ಬಿದ್ದ. ಅವನ ಹಿಂದೆ ಉಳಿದವರು. ನಮ್ಮ ಆಟದಲ್ಲಿ ಅಕೌಂಟ್ಸ್ ಗೆಳತಿ ಯಲಹಂಕ ಬಾಗಿಲಿನ ಕಡೆ ಸ್ವಲ್ಪ ಗದ್ದಲ ತೋರಿಸಿದಳು, ನಾನು ಅತ್ತ ಒಂದಿಷ್ಟು ಜನ ಕಳಿಸಿದೆ, ದಾಳ ಅವಳ ಕಡೆ ಬಿತ್ತು. ಕೆಲಸ ಮುಗಿಯಿತು.

ಪೇಟೆ ವಾಪಸ್ ತೆಗೆದುಕೊಳ್ಳಲು ಟಿಪ್ಪು ಆವತ್ತೇ ಪ್ರಯತ್ನಿಸಿದ್ದು ಇತಿಹಾಸದಲ್ಲಿದೆ. ಸುಮಾರು 6,000 ಜನರನ್ನು ಕಳಿಸಿದ. ಓಣಿಗಳಲ್ಲಿ ಹೊಡೆದಾಟ ಬಯೊನೆಟ್‌ಗೆ ಬಂತು. ಇಂಗ್ಲಿಷರಿಗೆ ಆದ ನಷ್ಟ ನೂರರ ಲೆಕ್ಕದಲ್ಲಿ, ಮೈಸೂರಿನವರದು 2,000ಕ್ಕೂ ಜಾಸ್ತಿ ಅಂತ ಇಂಗ್ಲಿಷರೇ ಬರೆದುಕೊಂಡಿದ್ದಾರೆ. ಗೆದ್ದವರ ಲೆಕ್ಕ, ಸ್ವಲ್ಪ ಅನುಮಾನದಿಂದಲೇ ಓದಬೇಕು. ಮಹಡಿಯ ನಮ್ಮ ಸುಲ್ತಾನನೂ ಅದನ್ನೇ ಮಾಡಿದ. ಆಗ ನನಗೆ ಕಾಣಿಸಿದ ತೊಂದರೆ ಬೇರೆ. ನನ್ನ ಗೋಡೆಯ ಮೇಲೆ ಫಿರಂಗಿಗಳಿವೆ, ಪೇಟೆ ಎದುರಿಗೇ ಇದೆ. ಆದರೆ ಓಣಿಯೊಳಗೆ ನಮ್ಮವರೂ ಅವರ ಕಡೆಯವರೂ ಬೆರೆತುಹೋಗಿದ್ದಾರೆ. ಹೊಡೆಯುವುದು ಯಾರಿಗೆ? ಒಂದು ಸುತ್ತು ಪೂರ್ತಿ ಕೈಕಟ್ಟಿ ನೋಡಿದೆ.

ಪೇಟೆ ಹೋದ ಮೇಲೆ ಕೋಟೆ ಬರೀ ಗೋಡೆ. ಇದನ್ನು ನಾನು ಆಡುವಾಗ ಕಲಿತೆ, ಓದುವಾಗ ತಿಳಿದಿರಲಿಲ್ಲ. ಶತ್ರುವಿಗೆ ಮರೆಗೆ ಮನೆಗಳು ಸಿಕ್ಕವು. ಅವುಗಳ ಹಿಂದೆ ಕೂತು ಮೊರ್ಚೆ, ಅಂದರೆ ಗುಂಡಿಗೆ ಮರೆಯಾಗುವ ದಿಬ್ಬ, ಕಟ್ಟಬಹುದು, ಫಿರಂಗಿ ಸಾಲು ಇಡಬಹುದು, ರಾತ್ರಿ ಕಂದಕದ ಕಡೆ ಅಗೆಯುತ್ತಾ ಬರಬಹುದು. ಊರನ್ನು ಕಾಯಲು ಕಟ್ಟಿದ ಕೋಟೆಯ ಮೇಲೆ ಗುಂಡು ಬೀಳುತ್ತಿದ್ದದ್ದು ಆ ಊರಿನ ಒಳಗಿನಿಂದಲೇ.

ಆದರೂ ನನ್ನ ಹತ್ತಿರ ಒಂದು ದೊಡ್ಡ ಆಸ್ತಿ ಉಳಿದಿತ್ತು. ಕಾರ್ನ್‌ವಾಲಿಸ್‌ಗೆ ಕೋಟೆಯನ್ನು ಪೂರ್ತಿ ಸುತ್ತುವರಿಯುವಷ್ಟು ಜನ ಇರಲಿಲ್ಲ. ಅವನು ಹೊಡೆಯುತ್ತಿದ್ದದ್ದು ಉತ್ತರದಿಂದ ಮಾತ್ರ. ದಕ್ಷಿಣದ ಮೈಸೂರು ಬಾಗಿಲು ಮನೆಯ ಹಿತ್ತಲ ಬಾಗಿಲಿನ ಹಾಗೆ ತೆರೆದೇ ಇತ್ತು. ಟಿಪ್ಪುವಿನ ಸೈನ್ಯ ಹೊರಗೆ ಹತ್ತಿರದಲ್ಲೇ ಸುಳಿದಾಡುತ್ತಿತ್ತು. ದಣಿದ ಆಳುಗಳನ್ನು ಹೊರಗೆ ಕಳಿಸಿ ಹೊಸಬರನ್ನು ಒಳಗೆ ತೆಗೆದುಕೊಳ್ಳಬಹುದು. ಮದ್ದು, ಅಕ್ಕಿ, ಸುದ್ದಿ ಎಲ್ಲ ಬರುತ್ತದೆ. ಇಂಥದ್ದನ್ನು ಮುತ್ತಿಗೆ ಅನ್ನಲು ಮನಸ್ಸೇ ಬರುವುದಿಲ್ಲ. ಮುತ್ತಿಗೆ ಹಾಕಿದವನ ಸುತ್ತಲೇ ಇನ್ನೊಂದು ಸೈನ್ಯ ಇದೆ.

ಇಲ್ಲಿಂದ ಮುಂದೆ ನನ್ನ ಕೆಲಸ ಗುಮಾಸ್ತನದ್ದು. ಬೆಳಗಾದರೆ ಅಂಪೈರ್‌ನಿಂದ ಚೀಟಿ: ಇಂಥ ಕೊತ್ತಲದ ಎರಡು ಫಿರಂಗಿ ಹೋದವು, ಗೋಡೆಯ ಬಲ ಇಷ್ಟು ಇಳಿಯಿತು, ಇಷ್ಟು ಜನ ಗಾಯ. ರಾತ್ರಿಯಾದರೆ ನನ್ನಿಂದ ಚೀಟಿ: ಇಷ್ಟು ಜನ ಗೋಡೆ ಕೆಲಸಕ್ಕೆ, ಮರಳು ಮೂಟೆ ಇಲ್ಲಿಗೆ, ಬಿದ್ದ ಕಲ್ಲು ಎತ್ತಿ ಒಳಗೆ ಇನ್ನೊಂದು ತಡೆ. ಗೋಡೆಗೆ ಜನ ಹಾಕಿದರೆ ಅವರು ನಾಳೆ ದಣಿದಿರುತ್ತಾರೆ. ಮಲಗಲು ಬಿಟ್ಟರೆ ಗೋಡೆ ಹಾಗೇ ಇರುತ್ತದೆ. ಒಂದು ಸಲ ರಾತ್ರಿ ಹೊರಗೆ ನುಗ್ಗಿ ಅವರ ಮೊರ್ಚೆ ಕೆಡಿಸೋಣ ಅಂತ ನೋಡಿದೆ. ಸ್ವಲ್ಪ ಕೆಡಿಸಿದೆವು. ಒಳ್ಳೆಯ ಆಳುಗಳನ್ನು ಕಳೆದುಕೊಂಡೆವು. ಮತ್ತೆ ಆ ಕಡೆ ಹೋಗಲಿಲ್ಲ. ನಡುವೆ ಹುಡುಗನ ಕೋಡುಬಳೆ ಮುಗಿದು ಚೀಟಿ ವ್ಯವಸ್ಥೆಯೇ ನಿಂತಿತ್ತು. ನಿಪ್ಪಟ್ಟು ಕೊಟ್ಟು ಸರಿ ಮಾಡಿದೆವು.

ಮಹಡಿಗೆ ನಾನು ಕಳಿಸಿದ ಚೀಟಿಗಳಲ್ಲಿ ಒಂದೇ ಮಾತು. ದೊಡ್ಡದಾಗಿ ಒಮ್ಮೆ ಹೊಡೆಯಿರಿ, ಅವರು ಮೊರ್ಚೆಯಲ್ಲಿ ಸಿಕ್ಕಿಕೊಂಡಿದ್ದಾರೆ. ಮಹಡಿಯಿಂದ ಬಂದ ಉತ್ತರವೂ ಪ್ರತಿ ಸಲ ಒಂದೇ. ತಾಳಿ. ನನಗೆ ಸಿಟ್ಟು ಬರುತ್ತಿತ್ತು. ಅವನಿಗೇನು, ಫ್ಯಾನ್ ಕೆಳಗೆ ಕೂತು ಕುದುರೆ ಓಡಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಆಮೇಲೆ ಕೇಳಿದಾಗ ಅವನು ಹೇಳಿದ್ದು ಸರಿಯಾಗಿಯೇ ಇತ್ತು. "ಅಲ್ಲ ಕಣೋ, ಕೋಟೆ ಹೋದ್ರೆ ಶ್ರೀರಂಗಪಟ್ಟಣ ಇದೆ, ಸಾವನದುರ್ಗ ಇದೆ, ನಂದಿದುರ್ಗ ಇದೆ. ಬಯಲಿನಲ್ಲಿ ನಿಂತು ಸೈನ್ಯ ಕಳ್ಕೊಂಡ್ರೆ ಏನು ಮಾಡ್ಲಿ?" ಒಳಗಿರುವವನಿಗೆ ಕೋಟೆಯೇ ಪ್ರಪಂಚ. ಹೊರಗಿರುವವನಿಗೆ ಅದು ಪಟ್ಟಿಯಲ್ಲಿನ ಒಂದು ಹೆಸರು. ಊರು ಕಾಯುವ ಎಲ್ಲ ಕಥೆಯಲ್ಲೂ ಈ ಜಗಳ ಇದ್ದೇ ಇರುತ್ತದೆ, ನಮ್ಮ ಮಾಸ್ಕೋ ಆಟದಲ್ಲೂ ಇತ್ತು.

ಗೋಡೆಯಲ್ಲಿ ಕಂಡಿ ಬಿತ್ತು. ದೆಹಲಿ ಬಾಗಿಲಿನ ಪಕ್ಕದಲ್ಲೇ, ನಿಜವಾಗಿ ಬಿದ್ದ ಜಾಗದಲ್ಲೇ. ಅಲ್ಲಿ ನೆಲವೇ ಹಾಗಿದೆ, ಬೇರೆ ಎಲ್ಲಿ ಹೊಡೆದರೂ ಅವಳಿಗೆ ಕಷ್ಟ ಅಂತ ಮೇಷ್ಟ್ರು ಆಮೇಲೆ ಹೇಳಿದರು. ಲಗ್ಗೆ ಬೆಳಗಿನ ಜಾವ ಬರುತ್ತದೆ ಅಂತ ನಾನು ಎಣಿಸಿ ಜನರನ್ನು ಎರಡು ಪಾಳಿ ಮಾಡಿದ್ದೆ. ಬಂದಿದ್ದು ರಾತ್ರಿ. ಅಂಪೈರ್ ಮೊದಲು ನನ್ನ ಕೋಣೆಯ ಲೈಟ್ ಆರಿಸಿದರು, ಆಮೇಲೆ ಚೀಟಿ ಕೊಟ್ಟರು, ಟಾರ್ಚ್ ಬೆಳಕಿನಲ್ಲಿ ಓದಬೇಕು. ನಾಟಕ ಮಾಡುವುದರಲ್ಲಿ ಮೇಷ್ಟ್ರಿಗೆ ಆಸೆ ಜಾಸ್ತಿ. ಕಂಡಿಯಲ್ಲಿ ಎರಡು ಸಲ ದಾಳ ನನ್ನ ಕಡೆ ಬಿತ್ತು, ಮೂರನೆಯದು ಬೀಳಲಿಲ್ಲ. ಗೋಡೆ ಹತ್ತಿದವರು ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಹರಡಿಕೊಂಡರು. ನಾನು ಹಿತ್ತಲಿನಿಂದ ಜನ ಕಳಿಸಿ ಅಂತ ಮಹಡಿಗೆ ಬರೆದ ಚೀಟಿ ಹುಡುಗನ ಕೈಯಲ್ಲೇ ಉಳಿಯಿತು.

ನಿಜವಾದ ಲಗ್ಗೆ ಮಾರ್ಚ್ 21ರ ರಾತ್ರಿ, ಬೆಳದಿಂಗಳಿನಲ್ಲಿ, ಸುಮಾರು 11 ಗಂಟೆಗೆ. ಗೋಡೆಯ ಮೇಲೆ ಎರಡು ಕಡೆಯಿಂದ ಹೋದವರು ಮೈಸೂರು ಬಾಗಿಲಿನ ಹತ್ತಿರ ಸೇರಿಕೊಂಡರು. ಟಿಪ್ಪುವಿನ ಸೈನ್ಯ ಹೊರಗೆ ಸಿದ್ಧವಾಗಿಯೇ ಇತ್ತು, ಆದರೆ ನೆರವು ಒಳಗೆ ಬರುವಷ್ಟರಲ್ಲಿ ಬಾಗಿಲು ಕೈ ಬದಲಾಗಿತ್ತು. ಬಹಾದೂರ್ ಖಾನ್ ಓಡಲಿಲ್ಲ, ಶರಣಾಗಲಿಲ್ಲ. ಕಂಡಿಯ ಹತ್ತಿರ ಹೋರಾಡುತ್ತಲೇ ಸತ್ತ. ಶವವನ್ನು ಕಳಿಸಿಕೊಡುತ್ತೇನೆ ಅಂತ ಕಾರ್ನ್‌ವಾಲಿಸ್ ಟಿಪ್ಪುವಿಗೆ ಹೇಳಿ ಕಳಿಸಿದ. ಬೆಂಗಳೂರಿನಲ್ಲೇ ಅಲ್ಲಿನ ಮುಸಲ್ಮಾನರ ಕೈಯಿಂದ ಮಣ್ಣು ಮಾಡಿಸಿ ಅಂತ ಟಿಪ್ಪು ಉತ್ತರ ಕೊಟ್ಟ. ಆ ರಾತ್ರಿ ಕೋಟೆಯೊಳಗೆ ಸತ್ತವರು ಸಾವಿರಕ್ಕೂ ಜಾಸ್ತಿ.

ಆಟ ಮುಗಿದ ಮೇಲೆ ಎಲ್ಲ ಕೋಣೆಗಳ ಬಾಗಿಲು ತೆಗೆದು, ಎಲ್ಲರ ಕಾಗದ ಹಾಲ್‌ನ ನೆಲದ ಮೇಲೆ ಹರಡುತ್ತೇವೆ. ನನಗೆ ಆಟಕ್ಕಿಂತ ಇದೇ ಇಷ್ಟ. ಗೆಳತಿ ತನ್ನ ಹಾಳೆ ಮುಂದಿಟ್ಟಳು. ಗುಂಡಿನ ಲೆಕ್ಕ, ಆಳಿನ ಲೆಕ್ಕ ಒಂದು ಮೂಲೆಯಲ್ಲಿ ಚಿಕ್ಕದಾಗಿ. ಉಳಿದ ಹಾಳೆ ಪೂರ್ತಿ ಹುಲ್ಲು. ದೊಡ್ಡ ಫಿರಂಗಿ ಒಂದೊಂದನ್ನೂ ಎಳೆಯಲು ಹತ್ತಾರು ಜೊತೆ ಎತ್ತು ಬೇಕು. ಅವು ದಿನಾ ಸಾಯುತ್ತಿವೆ. ಸುತ್ತಲಿನ ಹಳ್ಳಿಗಳ ಹುಲ್ಲನ್ನು ಟಿಪ್ಪುವಿನ ಕುದುರೆ ಸವಾರರು ಸುಟ್ಟಿದ್ದಾರೆ. ದಂಡಿನಿಂದ ಹೊರಗೆ ಹುಲ್ಲಿಗೆ ಹೋದವರು ವಾಪಸ್ ಬರುವುದಿಲ್ಲ. ಲಂಬಾಣಿಗಳ ಧಾನ್ಯದ ಎತ್ತುಗಳು ದಾರಿ ಕಾಣದೆ ದೂರದಲ್ಲಿವೆ. ಪೇಟೆಯಲ್ಲಿ ಸಿಕ್ಕಿದ್ದು ಮುಗಿಯಿತು. ಹಾಳೆಯ ಕೊನೆಯ ಸಾಲಿನಲ್ಲಿ ಎರಡು ದಿನದ ಮೇವು ಉಳಿದಿತ್ತು. ಅದರ ಕೆಳಗೆ ಅವಳು ಬರೆದಿದ್ದಳು, "ನಾಳೆ ರಾತ್ರಿ ಒಳಗೆ ಹೋಗದಿದ್ದರೆ ಫಿರಂಗಿ ಬಿಟ್ಟು ಹೋಗಬೇಕು."

ಇದು ಅವಳ ಕಲ್ಪನೆಯಲ್ಲ, ನಿಜವಾಗಿಯೂ ಹಾಗೇ ಇತ್ತು. ಪೇಟೆಯ ಮನೆಗಳ ಹಳೆಯ ಮಾಡಿನ ಹುಲ್ಲು ಕಿತ್ತು ಎತ್ತುಗಳಿಗೆ ಹಾಕಿದ್ದರು, ನೆಲ ಅಗೆದು ಗರಿಕೆ ಬೇರು ತಂದಿದ್ದರು. ಕಾರ್ನ್‌ವಾಲಿಸ್ ಕಂಡಿ ಇನ್ನೂ ಅಗಲವಾಗಲಿ ಅಂತ ಕಾಯಲಿಲ್ಲ, ಕಾಯುವ ಸ್ಥಿತಿಯಲ್ಲೂ ಇರಲಿಲ್ಲ. ಆವತ್ತೇ ಟಿಪ್ಪು ಮೊರ್ಚೆಗಳ ಮೇಲೆ ಪಕ್ಕದಿಂದ ಹೊಡೆಯಲು ಫಿರಂಗಿ ಸಜ್ಜು ಮಾಡಲು ಹೊರಟಿದ್ದೂ ಅವನ ಕಣ್ಣಿಗೆ ಬಿದ್ದಿತ್ತು.

ನಾನು ಆ ಹಾಳೆಯನ್ನೇ ನೋಡುತ್ತಾ ಕೂತೆ. ಒಳಗೆ ಕೂತು ನಾನು ಎಣಿಸುತ್ತಿದ್ದದ್ದು ನನ್ನ ಕಲ್ಲು, ನನ್ನ ಗಾಯಾಳು. ಎದುರಿನವನ ಹಸಿವು ನನ್ನ ಯಾವ ಚೀಟಿಯಲ್ಲೂ ಬರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದೆ? ಆಳುಗಳಿಗೆ ಹೇಳುತ್ತಿದ್ದೆ, ಇನ್ನೆರಡು ರಾತ್ರಿ ನಿದ್ದೆ ಬೇಡ ಅಂತ. ಅಷ್ಟು ಸಾಕಾಗುತ್ತಿತ್ತೋ ಏನೋ. ಕೋಟೆ ಕಾಯುವವನಿಗೆ ಗೆಲುವು ಅನ್ನುವ ದೊಡ್ಡ ಪದ ಸಂಬಂಧವೇ ಇಲ್ಲ. ಅವನು ದಿನ ತಳ್ಳಬೇಕು. ಎಷ್ಟು ದಿನ ತಳ್ಳಬೇಕು ಅನ್ನೋದನ್ನು ಯಾರೂ ಅವನಿಗೆ ಹೇಳುವುದಿಲ್ಲ.

ಮುಂದಿನ ವಾರ ಪಾತ್ರ ಬದಲಾಯಿಸಿ ಮತ್ತೆ ಆಡಿದೆವು. ಈ ಸಲ ಜಯನಗರದ ಗೆಳೆಯ ಕಿಲ್ಲೇದಾರ. ಅವನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೊದಲ ರಾತ್ರಿಯೇ ಪೇಟೆಯ ಮೇವಿಗೆ ಬೆಂಕಿ ಇಟ್ಟ. ಕಾರ್ನ್‌ವಾಲಿಸ್ ಆಗಿದ್ದ ನನಗೆ ಒಳಗೆ ಸಿಕ್ಕಿದ್ದು ಬೂದಿ. ಎತ್ತುಗಳು ಒಂದೊಂದಾಗಿ ಪಟ್ಟಿಯಿಂದ ಹೋದವು. ಕಂಡಿ ಬೀಳುವ ಮೊದಲೇ ದೊಡ್ಡ ಫಿರಂಗಿ ಬಿಟ್ಟು ಹೊಸಕೋಟೆ ದಾರಿ ಹಿಡಿದೆ. ಬೆಂಗಳೂರು ಉಳಿಯಿತು!

ಉಳಿಯಿತಾ? ಇಲ್ಲೇ ನಮ್ಮಲ್ಲಿ ಆಟಕ್ಕಿಂತ ದೊಡ್ಡ ಜಗಳ ಆಗಿದ್ದು. ಗೆಳತಿ ಕೇಳಿದಳು, "ಕೋಟೆ ಉಳೀತು ಸರಿ. ಊರು ಎಲ್ಲಿ?" ನಕ್ಷೆಯಲ್ಲಿ ಪೇಟೆಯ ಚೌಕಗಳ ಮೇಲೆ ಮೇಷ್ಟ್ರು ಇದ್ದಿಲಿನಲ್ಲಿ ಗೀಟು ಎಳೆದಿದ್ದರು. ಆ ಚೌಕಗಳಲ್ಲಿ ನೇಕಾರರು, ತಿಗಳರು, ನಗರ್ತರು, ಧಾನ್ಯದ ವ್ಯಾಪಾರಿಗಳು. ನಮ್ಮ ಆಟದಲ್ಲಿ ಸೈನಿಕನಿಗೆ ಬಿಲ್ಲೆ ಇತ್ತು, ಕುದುರೆಗೆ ಇತ್ತು, ಎತ್ತಿಗೂ ಇತ್ತು. ಪೇಟೆಯ ಜನರಿಗೆ ಒಂದೂ ಇರಲಿಲ್ಲ. ಜಯನಗರದ ಗೆಳೆಯ ಒಪ್ಪಲಿಲ್ಲ. "ನಾನು ಸುಡದಿದ್ದರೂ ಲೂಟಿ ಆಗ್ತಿತ್ತಲ್ಲ" ಅಂದ. ಅದೂ ನಿಜವೇ. ಪೇಟೆ ಬಿದ್ದ ದಿನ ಲೂಟಿ ನಡೆದಿತ್ತು. ನನ್ನ ಮಟ್ಟಿಗೆ, ಅಪ್ಪಣೆ ಕೇಳಿ ಹೊತ್ತು ಕಳೆದ ಕಿಲ್ಲೇದಾರನೇ ವಾಸಿ. ಗುಂಪಿನಲ್ಲಿ ಅರ್ಧ ಜನ ಇದನ್ನು ಒಪ್ಪುವುದಿಲ್ಲ, ಈಗಲೂ.

ಈ ಊರಿಗೆ ಇಂಥದ್ದು ಹೊಸದೂ ಅಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬಂದ, ಕೆಂಪೇಗೌಡರ ವಂಶದವರು ಮಾಗಡಿಗೆ ಹೋದರು, ಬೆಂಗಳೂರು ಶಹಾಜಿಗೆ ಜಹಗೀರಾಯಿತು. 1687ರಲ್ಲಿ ಮೊಗಲರು ಬಂದರು, ಆಮೇಲೆ ಅದು ಚಿಕ್ಕದೇವರಾಜ ಒಡೆಯರ ಕೈಗೆ ಬಂತು. ದಂಡುಗಳು ಬಂದುಹೋದರೂ ಪೇಟೆ ಮಾತ್ರ ಪ್ರತಿ ಸಲ ಮತ್ತೆ ಅಂಗಡಿ ತೆರೆಯಿತು. 1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ, ಇಷ್ಟನ್ನು ಕೊಟ್ಟ ಟಿಪ್ಪುವಿಗೆ ಬೆಂಗಳೂರು ವಾಪಸ್ ಸಿಕ್ಕಿತು. ಸಿಕ್ಕ ಕೋಟೆಯ ಕಟ್ಟೆಗಳನ್ನು ಅವನೇ ಕೆಡವಿಸಿದ. ಇನ್ನೊಮ್ಮೆ ಶತ್ರುವಿನ ಕೈಗೆ ಬಿದ್ದರೆ ಅವರಿಗೇ ನೆಲೆಯಾಗುತ್ತದಲ್ಲ. ಆಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ರಿಪೇರಿ ಆಯಿತು.

ಮೇಷ್ಟ್ರು ಈಗ ನಿಯಮ ತಿದ್ದುತ್ತಿದ್ದಾರೆ. ಪೇಟೆಗೆ ಜನರ ಬಿಲ್ಲೆಗಳು ಬಂದಿವೆ. ಮುತ್ತಿಗೆಗೆ ಮುಂಚೆ ಅವರನ್ನು ಹೊರಗೆ ಕಳಿಸಬಹುದು, ಆದರೆ ಅದಕ್ಕೆ ಗಾಡಿ ಬೇಕು, ಗಾಡಿಗೆ ಎತ್ತು ಬೇಕು, ಆ ಎತ್ತು ಸೈನ್ಯಕ್ಕೂ ಬೇಕು. ಮೈಸೂರಿನ ಅಮೃತಮಹಲ್ ಎತ್ತುಗಳಿಗೆ ಓಟದಲ್ಲಿ ಹೆಚ್ಚಿನ ಅಂಕ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಮುಂದಿನ ಆಟ 1791ರ ಮೇ ತಿಂಗಳದ್ದು. ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ, ಅರಕೆರೆಯಲ್ಲಿ ಗೆದ್ದೂ, ಮಳೆ ಮತ್ತು ಹಸಿವಿಗೆ ಸೋತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಬಂದ ಕಥೆ. ಶ್ರೀರಂಗಪಟ್ಟಣ ಕಾಯುವ ಪಾತ್ರ ನನಗೇ ಬೇಕು ಅಂತ ಹೇಳಿಟ್ಟಿದ್ದೇನೆ. ಗೆಳತಿ ಮಾತ್ರ, ಮಳೆಯ ದಾಳ ಯಾರ ಕೈಯಲ್ಲಿರುತ್ತದೆ ಅಂತ ಮೊದಲು ತೀರ್ಮಾನ ಆಗದೆ ತಾನು ವೆಲ್ಲೂರಿನಿಂದಲೇ ಹೊರಡುವುದಿಲ್ಲ ಅನ್ನುತ್ತಿದ್ದಾಳೆ.